ಮನೆಯ ಒಪ್ಪ ಓರಣ, ಮನೆಯವರ ಆರೋಗ್ಯ

ಆರೋಗ್ಯವೆಂದೊಡನೆ ನಮಗೆ ಆಹಾರ, ಔಷಧ, ವ್ಯಾಯಾಮ, ನಿದ್ರೆ ಇವು ನೆನಪಾಗುತ್ತವೆ. ಹಗಲಿರುಳು ನಾವು ನಡೆದಾಡುವ ನೆಲ, ಮಲಗುವ ಕೋಣೆ, ಸಾಮಾನು ತುಂಬಿದ ಅಟ್ಟ, ಸೌದೆ ಒಟ್ಟಿದ ಹಿತ್ತಲು ಇವೂ ಆರೋಗ್ಯದ ಲೆಕ್ಕಕ್ಕೆ ಸೇರಿದವು ಎಂಬುದು ಅಷ್ಟಾಗಿ ನೆನಪಿಗೆ ಬರುವುದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಮನೆಯನ್ನು ಅಂದಗೊಳಿಸುವ, ಬೇಡವಾದುದನ್ನು ಕಳೆದು ಓರಣಗೊಳಿಸುವ ವಿಷಯವನ್ನು ಕುರಿತ ಪುಸ್ತಕಗಳು ಹಲವು ದೇಶಗಳಲ್ಲಿ ಬಹಳ ಜನಪ್ರಿಯವಾಗಿವೆ. ನಮ್ಮ ಮನೆಗಳಿಗೂ ಅವು ಬಂದಿವೆ. ಅವುಗಳಿಂದ ಸ್ಫೂರ್ತಿ ಪಡೆಯುವುದು ಒಳ್ಳೆಯದೇ. ಆದರೆ ಅವುಗಳನ್ನು ಹೇಗೆ ಓದಬೇಕು, ಓದಿದ್ದನ್ನು ಕಪಿಲಾ ತೀರದ ನಮ್ಮ ಹುಲ್ಲಹಳ್ಳಿಯಂತಹ ಊರಿನ ಮನೆಗೆ ಹೇಗೆ ಒಗ್ಗಿಸಿಕೊಳ್ಳಬೇಕು ಎಂಬುದನ್ನು ಅರಿಯದಿದ್ದರೆ ಅಂದವೇ ಅಪಾಯಕ್ಕೆ ಕಾರಣವಾದೀತು. ಇದನ್ನು ನಾನು ನನ್ನ ಮನೆಯಲ್ಲಿ ನಡೆದ ಒಂದು ಘಟನೆಯಿಂದ ಕಲಿತೆ.

ಒಂದು ನೆಲಹಾಸಿನ ಪಾಠ

ಶಿಕ್ಷಕಿಯ ವೃತ್ತಿಯಿಂದ ನಿವೃತ್ತಳಾದ ಮೇಲೆ ಮನೆಯನ್ನು ಹೊಸದಾಗಿ ಸಿಂಗರಿಸಬೇಕೆಂಬ ಹಂಬಲ ನನ್ನಲ್ಲಿ ಮೂಡಿತು. ಬೆಂಗಳೂರಿನಲ್ಲಿರುವ ಮಗಳು ಗೃಹಾಲಂಕಾರದ ಪುಸ್ತಕವೊಂದನ್ನು ತಂದುಕೊಟ್ಟಳು. ಅದರಲ್ಲಿದ್ದ ಬರಹಕ್ಕಿಂತ ಚಿತ್ರಗಳೇ ನನ್ನನ್ನು ಸೆಳೆದವು. ನುಣುಪಾದ ನೆಲ, ಅದರ ಮೇಲೊಂದು ಬಣ್ಣದ ಚಿಕ್ಕ ನೆಲಹಾಸು, ಬದಿಯಲ್ಲಿ ಗಿಡದ ಕುಂಡ. ಅದೇ ಬಗೆಯ ನೆಲಹಾಸನ್ನು ಮೈಸೂರಿನಿಂದ ತಂದು ನಡುಮನೆಯಿಂದ ಬಚ್ಚಲುಮನೆಗೆ ಹೋಗುವ ದಾರಿಯಲ್ಲಿ ಹಾಸಿದೆ. ಬಂದ ನೆಂಟರೆಲ್ಲರೂ ಮೆಚ್ಚಿಕೊಂಡರು.

ನಮ್ಮ ಅತ್ತೆಯವರಿಗೆ ಆಗ ಎಂಬತ್ತೆರಡು ವರ್ಷ. ಒಂದು ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆಗಿತ್ತು, ಇನ್ನೊಂದು ಕಣ್ಣು ಮಸುಕಾಗಿತ್ತು. ನೆಲಹಾಸು ಹಾಸಿದ ಹನ್ನೊಂದನೆಯ ದಿನ, ನಡುರಾತ್ರಿ ಎದ್ದು ಬಚ್ಚಲುಮನೆಗೆ ಹೊರಟವರ ಕಾಲಡಿಯಲ್ಲಿ ಅದು ಜಾರಿತು. ಸೊಂಟದ ಕೀಲಿನ ಮೂಳೆ ಮುರಿಯಿತು. ಮೈಸೂರಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ನಡೆದು, ಅವರು ಮತ್ತೆ ಊರುಗೋಲು ಹಿಡಿದು ಎದ್ದು ನಿಲ್ಲಲು ನಾಲ್ಕು ತಿಂಗಳು ಬೇಕಾಯಿತು. ಆಸ್ಪತ್ರೆಯಲ್ಲಿ ಒಂದು ಸಂಜೆ ನಾನು ಅವರ ಕಾಲ ಬಳಿ ಕುಳಿತು, "ನನ್ನಿಂದ ಹೀಗಾಯಿತು ಅತ್ತೆ" ಎಂದು ಕಣ್ಣೀರು ತಂದುಕೊಂಡೆ. ಅವರು ಗದರಲಿಲ್ಲ. "ಅಳ್ಬೇಡ ಬುಡು ಕಣವ್ವ. ಅದು ನನ್ಗೋಸ್ಕರ ಹಾಸಿದ್ದಲ್ಲ, ಬಂದೋರು ನೋಡ್ಲಿ ಅಂತ ಹಾಸಿದ್ದು" ಎಂದರು.

ಆ ಮಾತಿನಲ್ಲಿ ಕೋಪವಿರಲಿಲ್ಲ. ಆದುದರಿಂದಲೇ ಅದು ನನ್ನ ಮನಸ್ಸಿನಲ್ಲಿ ಉಳಿಯಿತು. ನಾನು ನನ್ನ ಮನೆಯನ್ನು ಹೊಸ್ತಿಲಲ್ಲಿ ನಿಂತ ಅತಿಥಿಯ ಕಣ್ಣಿನಿಂದ ನೋಡಿದ್ದೆ. ನಡುರಾತ್ರಿ ಗೋಡೆ ಹಿಡಿದು ನಡೆಯುವವರ ಕಣ್ಣಿನಿಂದ ನೋಡಿರಲಿಲ್ಲ. ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 6,84,000 ಜನರು ಬಿದ್ದು ಪ್ರಾಣ ಕಳೆದುಕೊಳ್ಳುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಅವರಲ್ಲಿ ಅರವತ್ತು ದಾಟಿದವರ ಪಾಲು ದೊಡ್ಡದು. ಮುಪ್ಪಿನಲ್ಲಿ ಮೂಳೆ ಸವೆದಿರುತ್ತದೆ, ದೃಷ್ಟಿ ಮಂದವಾಗಿರುತ್ತದೆ, ಕೆಲವು ಮಾತ್ರೆಗಳಿಂದ ಎದ್ದೊಡನೆ ತಲೆ ಸುತ್ತುತ್ತದೆ. ಇವನ್ನೆಲ್ಲ ನಾವು ಒಮ್ಮೆಗೇ ತಪ್ಪಿಸಲಾರೆವು. ಆದರೆ ಕಾಲಿಗೆ ಎಡವುವ ವಸ್ತುವನ್ನು ತೆಗೆಯುವುದು ನಮ್ಮ ಕೈಯಲ್ಲಿದೆ.

ಮನೆಬಾಳಿನ ಪುಸ್ತಕ ನಮಗೆ ಹೊಸದಲ್ಲ

ಹಾಗೆಂದು ಪುಸ್ತಕವನ್ನು ದೂರುವುದು ಸರಿಯಲ್ಲ. ಮನೆಬಾಳಿಗೆ ನೆರವಾಗುವ ಗ್ರಂಥಗಳನ್ನು ಬರೆಯುವ, ಓದುವ ಪರಂಪರೆ ಕನ್ನಡದಲ್ಲಿ ಬಹು ಹಿಂದಿನಿಂದ ಇದೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಸುಮಾರು 1025ರಲ್ಲಿ, ಎರಡನೆಯ ಚಾವುಂಡರಾಯನು ರಚಿಸಿದ 'ಲೋಕೋಪಕಾರ'ವು ಅಂತಹ ಗ್ರಂಥ. ಮನೆ ಕಟ್ಟುವ ವಾಸ್ತುವಿಷಯ, ನೀರಿನ ಸೆಲೆಯನ್ನು ಕಾಣುವ ಬಗೆ, ಗಿಡಮರಗಳ ಆರೈಕೆ, ಸುಗಂಧದ್ರವ್ಯ, ಅಡುಗೆ, ವೈದ್ಯ, ವಿಷಚಿಕಿತ್ಸೆ ಇವೆಲ್ಲವೂ ಆ ಒಂದೇ ಗ್ರಂಥದಲ್ಲಿ ಅಡಕವಾಗಿವೆ. ಮನೆಯ ರಚನೆಯನ್ನೂ ವಿಷವನ್ನು ಇಳಿಸುವ ವಿದ್ಯೆಯನ್ನೂ ಒಂದೇ ಹೊತ್ತಗೆಯಲ್ಲಿಟ್ಟವನು ಮನೆ ಬೇರೆ, ಆರೋಗ್ಯ ಬೇರೆ ಎಂದು ಎಣಿಸಿರಲಾರನು. ಇಂದಿನ ಗೃಹಾಲಂಕಾರದ ಪುಸ್ತಕಗಳಲ್ಲಿ ಈ ಎರಡು ವಿಷಯಗಳು ಬೇರ್ಪಟ್ಟಿವೆ. ಅವನ್ನು ಮತ್ತೆ ಕೂಡಿಸಿ ಓದುವ ಹೊಣೆ ಓದುಗರಾದ ನಮ್ಮದು.

ಹೊರನಾಡಿನ ಮೂರು ವಿಧಾನಗಳು

ಈಗ ಹೆಚ್ಚು ಪ್ರಸಿದ್ಧವಾಗಿರುವ ಮೂರು ವಿಧಾನಗಳನ್ನು ಸಂಕ್ಷೇಪವಾಗಿ ತಿಳಿಯೋಣ.

ಮೊದಲನೆಯದು ಜಪಾನಿನ ಮರಿಯೆ ಕೊಂಡೊ ಎಂಬ ಲೇಖಕಿಯದು. ಅವರ ಪುಸ್ತಕವು 2014ರಲ್ಲಿ ಇಂಗ್ಲಿಷಿಗೆ ಬಂದ ಮೇಲೆ ಅನೇಕ ದೇಶಗಳಲ್ಲಿ ಹೆಸರಾಯಿತು. ಕೋಣೆಯಿಂದ ಕೋಣೆಗೆ ಹೋಗುವ ಬದಲು ಒಂದೊಂದು ಬಗೆಯ ವಸ್ತುವನ್ನು ಒಮ್ಮೆಗೇ ಒಂದೆಡೆ ರಾಶಿ ಹಾಕಬೇಕು ಎಂಬುದು ಅವರ ಕ್ರಮ. ಮೊದಲು ಬಟ್ಟೆ, ಅನಂತರ ಪುಸ್ತಕ, ಕಾಗದಪತ್ರ, ಬಿಡಿಬಿಡಿ ಸಾಮಾನು, ಎಲ್ಲಕ್ಕೂ ಕೊನೆಯಲ್ಲಿ ನೆನಪಿನ ವಸ್ತುಗಳು. ಒಂದೊಂದನ್ನೂ ಕೈಯಲ್ಲಿ ಹಿಡಿದು ಅದು ಮನಸ್ಸಿಗೆ ಸಂತೋಷ ಕೊಡುವುದೇ ಎಂದು ಕೇಳಿಕೊಳ್ಳಬೇಕು. ಕೊಡದಿದ್ದರೆ ಕೃತಜ್ಞತೆ ಸಲ್ಲಿಸಿ ಬೀಳ್ಕೊಡಬೇಕು. ಆಯುಧಪೂಜೆಯ ದಿನ ನೇಗಿಲಿಗೂ ಹೊಲಿಗೆ ಯಂತ್ರಕ್ಕೂ ಹೂವಿಡುವ ನಮಗೆ ವಸ್ತುವಿಗೆ ಕೃತಜ್ಞತೆ ಹೇಳುವುದು ವಿಚಿತ್ರವೆನಿಸುವುದಿಲ್ಲ.

ಎರಡನೆಯದು ಸ್ವೀಡನ್ ದೇಶದ್ದು. ಅಲ್ಲಿನ ಭಾಷೆಯಲ್ಲಿ ಇದಕ್ಕೆ 'ದೋಸ್ತೇಡ್ನಿಂಗ್' ಎನ್ನುವರು. ಮರಣಕ್ಕೆ ಮುಂಚಿನ ಮನೆ ಶುಚಿ ಎಂದು ಇದರ ಅರ್ಥ. ಮಾರ್ಗರೆಟಾ ಮ್ಯಾಗ್ನುಸನ್ ಎಂಬ ವೃದ್ಧ ಲೇಖಕಿ 2017ರಲ್ಲಿ ಈ ಕುರಿತು ಪುಸ್ತಕ ಪ್ರಕಟಿಸಿದರು. ನಮ್ಮ ಕಾಲಾನಂತರ ಮಕ್ಕಳಿಗೆ ಭಾರವಾಗದಂತೆ ನಮ್ಮ ವಸ್ತುಗಳನ್ನು ನಾವೇ, ಕೈಕಾಲು ಗಟ್ಟಿಯಿರುವಾಗಲೇ, ಹಂಚಿ ಹಗುರಾಗಬೇಕು ಎಂಬುದು ಅದರ ಸಾರ.

ಮೂರನೆಯದು ಜಪಾನಿನ ಕಾರ್ಖಾನೆಗಳಲ್ಲಿ ರೂಪುಗೊಂಡ ಐದು ಹೆಜ್ಜೆಗಳ ಕ್ರಮ. ಇದನ್ನು 'ಫೈವ್ ಎಸ್' ಎಂದು ಕರೆಯುತ್ತಾರೆ. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ನಮ್ಮ ಯುವಕರು ಈ ಹೆಸರನ್ನು ಕೇಳಿರಬಹುದು. ಬೇಕಾದುದನ್ನೂ ಬೇಡವಾದುದನ್ನೂ ವಿಂಗಡಿಸುವುದು, ಪ್ರತಿಯೊಂದಕ್ಕೂ ನೆಲೆ ಗೊತ್ತುಪಡಿಸುವುದು, ಶುಚಿಗೊಳಿಸುವುದು, ಈ ಮೂರನ್ನೂ ನಿಯಮವಾಗಿಸುವುದು, ನಿಯಮವನ್ನು ಅಭ್ಯಾಸವಾಗಿ ಉಳಿಸಿಕೊಳ್ಳುವುದು ಇವೇ ಆ ಐದು ಹೆಜ್ಜೆಗಳು. ಕಾರ್ಖಾನೆಯಲ್ಲಿ ಸಲಕರಣೆಯನ್ನು ಇಟ್ಟ ಜಾಗದಲ್ಲೇ ಇಡುವ ಮಗ ಮನೆಯಲ್ಲಿ ಬೈಕಿನ ಬೀಗದ ಕೈಯನ್ನು ದಿನವೂ ಹುಡುಕುವುದುಂಟು. ಕಾರ್ಖಾನೆಯ ವಿದ್ಯೆ ಮನೆಗೂ ಬರಲಿ.

ಮನಸ್ಸಿನ ಮೇಲೆ ಅಸ್ತವ್ಯಸ್ತತೆಯ ಪರಿಣಾಮ

ಮನೆ ಚೆಲ್ಲಾಪಿಲ್ಲಿಯಾಗಿದ್ದರೆ ಮನಸ್ಸೂ ಚೆಲ್ಲಾಪಿಲ್ಲಿ ಎಂಬ ಹಿರಿಯರ ಮಾತನ್ನು ವಿಜ್ಞಾನಿಗಳೂ ಪರಿಶೀಲಿಸಿದ್ದಾರೆ. ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ, ಗಂಡ ಹೆಂಡತಿ ಇಬ್ಬರೂ ಉದ್ಯೋಗದಲ್ಲಿದ್ದ ಮೂವತ್ತು ಕುಟುಂಬಗಳ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ತಮ್ಮ ಮನೆಯನ್ನು ವಸ್ತುಗಳಿಂದ ಕಿಕ್ಕಿರಿದದ್ದು, ಮುಗಿಯದ ಕೆಲಸಗಳಿಂದ ತುಂಬಿದ್ದು ಎಂದು ವರ್ಣಿಸಿದ ಹೆಂಗಸರಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ದಿನ ಕಳೆದಂತೆ ಇಳಿಯಬೇಕಾದಷ್ಟು ಇಳಿಯಲಿಲ್ಲ. ಸಂಜೆಯ ಹೊತ್ತಿಗೆ ಅವರ ಮನಸ್ಸೂ ಕುಗ್ಗುತ್ತಿತ್ತು. ಮನೆಯ ಸ್ಥಿತಿಯೇ ಇದಕ್ಕೆ ಕಾರಣವೆಂದು ಈ ಅಧ್ಯಯನ ಸಿದ್ಧಪಡಿಸುವುದಿಲ್ಲ. ದಣಿದವರಿಗೆ ಮನೆ ಹೆಚ್ಚು ಅಸ್ತವ್ಯಸ್ತವಾಗಿ ಕಾಣುವುದೂ ಉಂಟು. ಆದರೂ ಎರಡಕ್ಕೂ ನಂಟಿದೆ ಎಂಬುದು ಸ್ಪಷ್ಟ. ಮನೆಯ ಓರಣದ ಹೊರೆಯನ್ನೆಲ್ಲ ಹೆಂಗಸರೊಬ್ಬರ ಮೇಲೆಯೇ ಹೊರಿಸುವ ಕುಟುಂಬಗಳು ಇದನ್ನು ಗಮನಿಸಬೇಕು.

ಓದುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ಯಾವ ಪುಸ್ತಕವನ್ನು ಓದುವಾಗಲೂ ಮೂರು ಪ್ರಶ್ನೆಗಳನ್ನು ಮುಂದಿಟ್ಟುಕೊಳ್ಳಬೇಕು.

ಒಂದು, ಈ ಪುಸ್ತಕದ ಮನೆಯಲ್ಲಿ ಯಾರು ವಾಸಿಸುತ್ತಾರೆ? ನಗರದ ಪುಟ್ಟ ಮನೆಯಲ್ಲಿ ಇಬ್ಬರು ಇರುವಲ್ಲಿ ಒಪ್ಪುವ ನಿಯಮ ಮೂರು ತಲೆಮಾರು ಕೂಡಿ ಬಾಳುವ ಮನೆಗೆ ಹಾಗೆಯೇ ಒಪ್ಪುವುದಿಲ್ಲ. ಒಂದು ವರ್ಷದಿಂದ ಬಳಸದ ವಸ್ತುವನ್ನು ಹೊರಹಾಕಿ ಎಂದು ಕೆಲವು ಪುಸ್ತಕಗಳು ಹೇಳುತ್ತವೆ. ಜಾತ್ರೆಗೊಮ್ಮೆ, ಮದುವೆಗೊಮ್ಮೆ ಇಳಿಯುವ ದೊಡ್ಡ ಹಂಡೆ ಕೊಪ್ಪರಿಗೆಗಳನ್ನು, ಮುಂದಿನ ಬಿತ್ತನೆಗೆಂದು ಇಟ್ಟ ಬೀಜವನ್ನು ಈ ನಿಯಮಕ್ಕೆ ಒಪ್ಪಿಸಲಾಗದು. ಅಂತಹ ವಸ್ತುವಿಗೆ ಸುರಕ್ಷಿತವಾದ ನೆಲೆ ಇದೆಯೇ ಎಂದು ನೋಡಿದರೆ ಸಾಕು.

ಎರಡು, ಆ ಮನೆ ಇರುವ ನಾಡಿನ ಹವೆ ಎಂತಹದು? ಚಳಿದೇಶದ ದಪ್ಪ ನೆಲಹಾಸು, ಭಾರವಾದ ಪರದೆಗಳು ಅಲ್ಲಿ ಬೆಚ್ಚಗಿಡುತ್ತವೆ. ನಮ್ಮಲ್ಲಿ ಅವು ಮಳೆಗಾಲದ ತೇವವನ್ನೂ ದೂಳನ್ನೂ ಹಿಡಿದಿಡುತ್ತವೆ.

ಮೂರು, ಇದು ನಮ್ಮ ಮನೆಯ ಅತ್ಯಂತ ದುರ್ಬಲರಿಗೆ ಒಳಿತೇ? ಅಂಬೆಗಾಲಿಡುವ ಮಗು, ಗರ್ಭಿಣಿ ಸೊಸೆ, ಉಬ್ಬಸವಿರುವ ಮಾವ, ಕಣ್ಣು ಮಂದವಾದ ಅಜ್ಜಿ ಇವರಲ್ಲಿ ಯಾರಿದ್ದಾರೋ ಅವರ ಕಣ್ಣೆತ್ತರದಿಂದ, ಅವರ ನಡಿಗೆಯಿಂದ ಮನೆಯನ್ನು ಒಮ್ಮೆ ನೋಡಬೇಕು. ಉಳಿದೆರಡು ಪ್ರಶ್ನೆಗಳನ್ನು ಮರೆತರೂ ಇದನ್ನು ಮರೆಯಬಾರದು.

ಮೂಲೆ ಮೂಲೆಯ ಪರಿಶೀಲನೆ

ನೆಲ: ಹಾಸಿಗೆಯಿಂದ ಬಚ್ಚಲುಮನೆಯವರೆಗಿನ ದಾರಿ ಸಂಪೂರ್ಣ ತೆರವಾಗಿರಲಿ. ಗೋಣಿಚೀಲ, ಕುರ್ಚಿ, ವಿದ್ಯುತ್ ತಂತಿ, ಜಾರುವ ನೆಲಹಾಸು ಅಲ್ಲಿ ಬೇಡ. ಕಾಲೊರಸು ಬೇಕೇಬೇಕೆಂದರೆ ತಳದಲ್ಲಿ ರಬ್ಬರ್ ಇರುವುದನ್ನು ಹಾಕಬೇಕು. ರಾತ್ರಿಯಿಡೀ ಒಂದು ಚಿಕ್ಕ ದೀಪ ಉರಿಯಲಿ. ಬಚ್ಚಲುಮನೆಯ ಗೋಡೆಗೆ ಹಿಡಿಕೆ ಹಾಕಿಸಬೇಕು. ಮೆಟ್ಟಿಲಿನ ಅಂಚಿಗೆ ಎದ್ದು ಕಾಣುವ ಬಣ್ಣದ ಪಟ್ಟಿ ಬಳಿದರೆ ದೃಷ್ಟಿ ಮಂದವಾದವರಿಗೆ ಮೆಟ್ಟಿಲು ಎಲ್ಲಿ ಮುಗಿಯಿತೆಂದು ತಿಳಿಯುತ್ತದೆ.

ಮಲಗುವ ಕೋಣೆ: ಹಾಸಿಗೆ, ದಿಂಬು, ಹಳೆಯ ಬಟ್ಟೆಯ ಗಂಟುಗಳಲ್ಲಿ ಬರಿಗಣ್ಣಿಗೆ ಕಾಣದ ದೂಳುನುಸಿಗಳು ಬೆಳೆಯುತ್ತವೆ. ಉಬ್ಬಸ, ಸೀನು, ತುರಿಕೆಗಳಿಗೆ ಇವು ಮುಖ್ಯ ಕಾರಣಗಳಲ್ಲಿ ಒಂದು. ಹಾಸಿಗೆಯನ್ನು ಬಿಸಿಲಿಗೆ ಹಾಕುವ ನಮ್ಮ ಹಳೆಯ ಪದ್ಧತಿಯನ್ನು ಬಿಡಬಾರದು. ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಬೇಕು. ಮಂಚದ ಕೆಳಗೆ ಸಾಮಾನು ತುರುಕುವುದನ್ನು ಕಡಮೆ ಮಾಡಿದರೆ ಗುಡಿಸುವುದು ಸುಲಭವಾಗುತ್ತದೆ.

ಅಟ್ಟ: ವರ್ಷಗಟ್ಟಲೆ ಮುಟ್ಟದ ಅಟ್ಟದಲ್ಲಿ ಇಲಿಗಳು ನೆಲೆಸುತ್ತವೆ. ಇಲಿಯ ಮೂತ್ರದಿಂದ ಇಲಿಜ್ವರ ಹರಡುತ್ತದೆ. ಅಟ್ಟ ಇಳಿಸುವ ದಿನ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಕೈಗವಸು ಧರಿಸಿ, ಇಲಿಯ ಹಿಕ್ಕೆಯ ಮೇಲೆ ಬ್ಲೀಚಿಂಗ್ ಪುಡಿ ಕಲಸಿದ ನೀರನ್ನು ಚಿಮುಕಿಸಿ, ನೆನೆದ ಮೇಲೆ ಒರೆಸಿ ತೆಗೆಯಬೇಕು. ಒಣ ಪೊರಕೆಯಿಂದ ಗುಡಿಸಿದರೆ ದೂಳು ಶ್ವಾಸಕೋಶ ಸೇರುತ್ತದೆ. ಹಿರಿಯರು ಏಣಿ ಹತ್ತಬಾರದು.

ಹಿತ್ತಲು: ಹುಲ್ಲಹಳ್ಳಿ ನಾಲೆಯ ಬಯಲಿನಲ್ಲಿ ಭತ್ತವಿದೆ. ಭತ್ತವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಹಾವು. ಸೌದೆಯ ರಾಶಿ, ಒಡೆದ ಹೆಂಚು, ಇಟ್ಟಿಗೆ, ಹಳೆಯ ಚಪ್ಪಡಿ ಇವು ಮನೆಯ ಗೋಡೆಗೆ ತಾಗಿದ್ದರೆ ಹಾವಿಗೆ ಮನೆಯೊಳಗೆ ದಾರಿ ಮಾಡಿಕೊಟ್ಟಂತೆ. 2000ದಿಂದ 2019ರವರೆಗೆ ಭಾರತದಲ್ಲಿ ಸುಮಾರು ಹನ್ನೆರಡು ಲಕ್ಷ ಜನರು ಹಾವು ಕಡಿತದಿಂದ ಮಡಿದರೆಂದು ಅಧ್ಯಯನವೊಂದು ಅಂದಾಜು ಮಾಡಿದೆ. ಕರ್ನಾಟಕ ಸರ್ಕಾರವು 2024ರಲ್ಲಿ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ವಿಧಿಸಿದೆ. ಕಟ್ಟುಹಾವು ಹೆಚ್ಚಾಗಿ ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವು ಅಷ್ಟಾಗಿ ತಿಳಿಯುವುದೂ ಇಲ್ಲ. ಆದುದರಿಂದ ಸೌದೆಯನ್ನು ಗೋಡೆಯಿಂದ ದೂರದಲ್ಲಿ, ನೆಲದಿಂದ ಎತ್ತರದಲ್ಲಿ ಒಟ್ಟಬೇಕು. ಕಡಿತವಾದರೆ ಕಟ್ಟು ಬಿಗಿಯದೆ, ಕೊಯ್ಯದೆ, ನಾಟಿ ಚಿಕಿತ್ಸೆಗೆ ಹೊತ್ತು ಕಳೆಯದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಹೋಗಬೇಕು.

ಹಳೆಯ ಟೈರು, ಒಡೆದ ಮಡಕೆ, ತೆಂಗಿನ ಚಿಪ್ಪು, ಬಣ್ಣದ ಖಾಲಿ ಡಬ್ಬಿ ಇವುಗಳಲ್ಲಿ ನಿಂತ ಮಳೆನೀರು ಡೆಂಗಿ ಹರಡುವ ಈಡಿಸ್ ಸೊಳ್ಳೆಯ ತೊಟ್ಟಿಲು. ಒಣಗಿದ ಪಾತ್ರೆಯ ಗೋಡೆಗೆ ಅಂಟಿದ ಅದರ ಮೊಟ್ಟೆ ತಿಂಗಳುಗಟ್ಟಲೆ ಬದುಕಿದ್ದು ನೀರು ಬಿದ್ದೊಡನೆ ಒಡೆಯುತ್ತದೆ. ಆದುದರಿಂದ ನೀರನ್ನು ಚೆಲ್ಲುವುದರ ಜೊತೆಗೆ ಪಾತ್ರೆಯನ್ನು ಉಜ್ಜಿ ತೊಳೆಯಬೇಕು. ಬೇಡವಾದುದನ್ನು ಗುಜರಿಗೆ ಹಾಕಬೇಕು.

ಔಷಧ ಮತ್ತು ಕೀಟನಾಶಕ: ಇವೆರಡರ ವಿಷಯದಲ್ಲಿ ಯಾವ ಸಡಿಲಿಕೆಯೂ ಸಲ್ಲದು. ಅವಧಿ ಮೀರಿದ ಮಾತ್ರೆ, ಯಾರಿಗೋ ಬರೆದುಕೊಟ್ಟು ಅರ್ಧ ಉಳಿದ ಔಷಧ ಮನೆಯಲ್ಲಿರಬಾರದು. ಅವನ್ನು ನದಿಗೆ, ಬಾವಿಗೆ ಎಸೆಯದೆ ಹತ್ತಿರದ ಆರೋಗ್ಯ ಕೇಂದ್ರದ ಔಷಧ ವಿತರಕರ ಸಲಹೆಯಂತೆ ವಿಲೇವಾರಿ ಮಾಡಬೇಕು. ಹೊಲಕ್ಕೆ ತಂದ ಕೀಟನಾಶಕವನ್ನು ಅಡುಗೆಮನೆಯಲ್ಲಿ, ಮಂಚದ ಕೆಳಗೆ, ಅಟ್ಟದ ಮೇಲೆ ಇಡಬಾರದು. ಮೂಲ ಡಬ್ಬಿಯಲ್ಲೇ ಇಟ್ಟು ಮನೆಯ ಹೊರಗೆ ಬೀಗದಲ್ಲಿಡಬೇಕು. ನೀರಿನ ಬಾಟಲಿಗೆ ಸುರಿದಿಡುವುದು ಮಗುವಿನ ಕೈಗೆ ವಿಷವನ್ನು ಕೊಟ್ಟಂತೆ. ಮನನೊಂದ ಗಳಿಗೆಯಲ್ಲಿ ಸುಲಭವಾಗಿ ಕೈಗೆಟುಕಿದ ವಿಷದ ಡಬ್ಬಿ ಎಷ್ಟೋ ಕುಟುಂಬಗಳನ್ನು ಕೆಡಿಸಿದೆ. ಬೀಗವೊಂದು ಆ ಗಳಿಗೆಯನ್ನು ದಾಟಿಸಬಲ್ಲದು.

ಕಾಗದಪತ್ರ: ಪಹಣಿ, ಪಡಿತರ ಚೀಟಿ, ಆಧಾರ್ ಇವುಗಳೊಂದಿಗೆ ಆಸ್ಪತ್ರೆಯ ಚೀಟಿಗಳನ್ನೂ ಒಬ್ಬೊಬ್ಬರಿಗೆ ಒಂದೊಂದು ಕಡತ ಮಾಡಿ ಇಡಬೇಕು. ನಡುರಾತ್ರಿ ಆಸ್ಪತ್ರೆಗೆ ಓಡುವಾಗ ರೋಗಿಗೆ ಯಾವ ಔಷಧ ಒಗ್ಗದು ಎಂಬುದು ಆ ಕಡತದಿಂದ ತಿಳಿಯುತ್ತದೆ. 2019ರ ಆಗಸ್ಟಿನಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ತಗ್ಗುಪ್ರದೇಶಗಳಿಗೆ ನೀರು ನುಗ್ಗಿದ್ದನ್ನು ನಾವು ಮರೆತಿಲ್ಲ. ನದಿಯ ಅಂಚಿನವರು ಈ ಕಡತಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ, ಎತ್ತರದ ಗೂಡಿನಲ್ಲಿ ಇಡುವುದು ಲೇಸು.

ಅಲಂಕಾರದಲ್ಲಿ ವಿವೇಕ

ಮನೆ ಅಂದವಾಗಿರಬೇಕೆಂಬ ಆಸೆ ತಪ್ಪಲ್ಲ. ಬೆಳಿಗ್ಗೆ ಸಾರಿಸಿ ರಂಗೋಲಿ ಹಾಕಿದ ಬಾಗಿಲು ಎಷ್ಟು ಹಿತವೆಂದು ನಾವು ಬಲ್ಲೆವು. ಅಂದವು ಆರೋಗ್ಯಕ್ಕೆ ಮಾರಕವಾಗದಂತೆ ಕೆಲವು ಎಚ್ಚರಗಳಿದ್ದರೆ ಸಾಕು.

ಗಾಜಿನ ಬಾಟಲಿಯಲ್ಲಿ ನೀರು ತುಂಬಿ ಮನಿ ಪ್ಲಾಂಟ್ ಬೆಳೆಸುವ ಚಿತ್ರಗಳು ಪುಸ್ತಕಗಳಲ್ಲಿ ಹೇರಳವಾಗಿವೆ. ಆ ನೀರನ್ನು ವಾರಕ್ಕೊಮ್ಮೆ ಬದಲಿಸಿ ಬಾಟಲಿಯನ್ನು ಉಜ್ಜಿ ತೊಳೆಯದಿದ್ದರೆ ಅಲ್ಲಿ ಸೊಳ್ಳೆಯ ಮರಿಗಳು ಬೆಳೆಯುತ್ತವೆ. ಕಣಗಿಲೆಯ ಎಲೆ ಹೂಗಳು ವಿಷಕಾರಿಯಾದುದರಿಂದ ಚಿಕ್ಕ ಮಕ್ಕಳಿರುವಲ್ಲಿ ಅವು ಕೈಗೆಟುಕದಂತಿರಲಿ. ಗೋಡೆಗೆ ತಿಳಿಬಣ್ಣ ಬಳಿದರೆ ಬೆಳಕು ಹೆಚ್ಚುತ್ತದೆ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದೆಂಬ ಕೇಂದ್ರ ಸರ್ಕಾರದ ನಿಯಮವು 2017ರ ನವೆಂಬರಿನಿಂದ ಜಾರಿಯಲ್ಲಿದೆ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಹೆಚ್ಚಿರಬಹುದು. ಆದುದರಿಂದ ಹಳೆಯ ಬಾಗಿಲು ಕಿಟಕಿಗಳನ್ನು ಒಣದಾಗಿ ಉಜ್ಜಬಾರದು. ಒದ್ದೆ ಮಾಡಿ ಉಜ್ಜಬೇಕು, ಆ ದಿನ ಮಕ್ಕಳನ್ನೂ ಗರ್ಭಿಣಿಯರನ್ನೂ ದೂರವಿಡಬೇಕು. ಉಬ್ಬಸದವರಿರುವ ಮನೆಗೆ ಒಗೆಯಲು ಹಗುರವಾದ ಹತ್ತಿಯ ಪರದೆಯೇ ಲೇಸು.

ಹಿರಿಯರ ವಸ್ತು, ಹಿರಿಯರ ಮನಸ್ಸು

ಓರಣದ ಉತ್ಸಾಹದಲ್ಲಿ ನಾವು ಎಸಗುವ ದೊಡ್ಡ ತಪ್ಪೆಂದರೆ ಇನ್ನೊಬ್ಬರ ವಸ್ತುವನ್ನು ಅವರನ್ನು ಕೇಳದೆ ಹೊರಹಾಕುವುದು. ಹಳೆಯ ಟ್ರಂಕು ನಮಗೆ ತುಕ್ಕು ಹಿಡಿದ ತಗಡು. ಅದನ್ನು ತವರಿನಿಂದ ತಂದವರಿಗೆ ಅದು ತವರಿನ ಒಂದು ತುಂಡು. ಹಿರಿಯರನ್ನು ಕೂರಿಸಿಕೊಂಡು ಒಂದೊಂದು ವಸ್ತುವಿನ ಕಥೆ ಕೇಳಿದರೆ, ಯಾವುದು ಯಾರಿಗೆ ಸೇರಬೇಕೆಂದು ಅನೇಕ ಸಲ ಅವರೇ ಹೇಳುತ್ತಾರೆ. ಸ್ವೀಡನ್ನಿನ ಆ ವೃದ್ಧೆಯ ವಿಧಾನ ನಮ್ಮಲ್ಲಿ ನಡೆಯಬೇಕಾದುದು ಹೀಗೆ.

ಕೆಲವರು ಹರಿದ ಕಾಗದ, ಖಾಲಿ ಸೀಸೆ, ಮುರಿದ ಸಾಮಾನು ಯಾವುದನ್ನೂ ಬಿಡಲಾರದೆ ನಡೆಯಲೂ ಜಾಗವಿಲ್ಲದಂತೆ ಕೂಡಿಡುತ್ತಾರೆ. ಕಿತ್ತುಕೊಂಡರೆ ತೀವ್ರವಾಗಿ ಕಳವಳಗೊಳ್ಳುತ್ತಾರೆ. ಇದನ್ನು ಜಿಪುಣತನವೆಂದು ಹಳಿಯಬಾರದು. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಇದನ್ನು ಪ್ರತ್ಯೇಕ ಮನೋವ್ಯಾಧಿಯೆಂದು ಪಟ್ಟಿಯಲ್ಲಿ ಸೇರಿಸಿದೆ. ಮರೆವಿನ ರೋಗದ ಆರಂಭದಲ್ಲಿಯೂ ಇಂತಹ ನಡವಳಿಕೆ ಕಾಣಬಹುದು. ಅಂತಹವರನ್ನು ಪ್ರೀತಿಯಿಂದ ವೈದ್ಯರ ಬಳಿ ಕರೆದೊಯ್ಯಬೇಕು.

ಹೊಸ್ತಿಲಲ್ಲೇ ಕೇಳುವ ಪ್ರಶ್ನೆ

ಇಷ್ಟೆಲ್ಲ ಓದಿದ ಮೇಲೆ ನನಗೆ ಈ ಪುಸ್ತಕಗಳಲ್ಲಿ ಒಂದು ಕೊರತೆ ಕಂಡಿತು. ಅವುಗಳ ಹೆಚ್ಚಿನ ಮಾತು ಮನೆ ತುಂಬಿದ ಮೇಲೆ ಆರಂಭವಾಗುತ್ತದೆ. ಆಗ ಆಯ್ದಕ್ಕಿ ಲಕ್ಕಮ್ಮ ತಾಯಿ ನೆನಪಾದರು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವರ ಪತಿ ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ. ಅಂದಿಗೆ ಬೇಕಾದುದಕ್ಕಿಂತ ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಪತಿಯನ್ನು ಕಳುಹಿಸಿದರು. ಈ ಪ್ರಸಂಗವನ್ನು ಬಾಲ್ಯದಿಂದ ಕೇಳಿದ ನಾನು ಅದನ್ನು ನನ್ನ ಮನೆಯ ಹೊಸ್ತಿಲಿಗೆ ಅನ್ವಯಿಸಿರಲಿಲ್ಲ. ಆ ನೆಲಹಾಸನ್ನು ಅಂಗಡಿಯಲ್ಲಿ ಕೊಳ್ಳುವಾಗ ಇದು ಯಾರಿಗಾಗಿ ಎಂದು ಕೇಳಿಕೊಂಡಿದ್ದರೆ ಅತ್ತೆಯವರು ಬೀಳುತ್ತಿರಲಿಲ್ಲ. ಹೊಸ ವಸ್ತುವನ್ನು ತರುವ ಮುನ್ನ, ಇದು ಯಾರಿಗೆ ಬೇಕು, ಎಲ್ಲಿ ಇಡುತ್ತೇವೆ, ಯಾರಿಗಾದರೂ ಇದರಿಂದ ಕೇಡಾದೀತೇ ಎಂಬ ಮೂರು ಮಾತನ್ನು ಹೊಸ್ತಿಲಲ್ಲೇ ಕೇಳಿದರೆ ಹೊರಹಾಕುವ ಶ್ರಮ ಬಹುಪಾಲು ಉಳಿಯುತ್ತದೆ.

ನಾಲ್ಕು ವಾರಗಳ ಅಭ್ಯಾಸ

ಓದಿದ ವಿಷಯ ಕೈಗೂಡಬೇಕಾದರೆ ಕ್ರಮ ಬೇಕು. ಮೊದಲ ವಾರ ನಡೆಯುವ ದಾರಿ ಮತ್ತು ಬಚ್ಚಲುಮನೆ. ಎರಡನೆಯ ವಾರ ಔಷಧ, ಕೀಟನಾಶಕ ಮತ್ತು ಕಾಗದಪತ್ರ. ಮೂರನೆಯ ವಾರ ಹಿತ್ತಲು. ನಾಲ್ಕನೆಯ ವಾರ ಬಟ್ಟೆ, ಹಾಸಿಗೆ, ಅಟ್ಟ. ದಿನಕ್ಕೆ ಅರ್ಧ ಗಂಟೆ ಸಾಕು. ಗಂಡಸರೂ ಮಕ್ಕಳೂ ಕೈಜೋಡಿಸಲಿ. ಓರಣಗೊಳಿಸಲೆಂದು ಮೊದಲೇ ಹೊಸ ಪೆಟ್ಟಿಗೆ, ಬುಟ್ಟಿಗಳನ್ನು ಕೊಳ್ಳುವುದು ಬೇಡ. ವಿಂಗಡಿಸಿದ ಮೇಲೆ ಅವು ಬೇಕಿಲ್ಲವೆಂದು ತಿಳಿಯುವುದೇ ಹೆಚ್ಚು. ಉಡಲು ಯೋಗ್ಯವಾದ ಬಟ್ಟೆಯನ್ನು ಒಗೆದು ಮಡಿಚಿ ಅಗತ್ಯವಿದ್ದವರಿಗೆ ಗೌರವದಿಂದ ಕೊಡಬೇಕು. ಓದಿ ಮುಗಿಸಿದ ಪುಸ್ತಕಗಳನ್ನು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ ಕೊಟ್ಟರೆ ಮತ್ತೊಬ್ಬರು ಓದುತ್ತಾರೆ. ಮನೆ ಓರಣಗೊಳಿಸುವ ಪುಸ್ತಕವೇ ಮನೆಯಲ್ಲಿ ಇನ್ನೊಂದು ಹೊರೆಯಾಗಿ ಕೂರಬಾರದು.

ಅತ್ತೆಯವರು ಆಸ್ಪತ್ರೆಯಿಂದ ಮರಳಿದ ಮೇಲೆ ನಾನು ಅವರ ಕೈಹಿಡಿದು ಮನೆಯೆಲ್ಲ ನಡೆಸಿದೆ. ದೀಪ ಎಲ್ಲಿರಬೇಕು, ಗೋಡೆಯ ಹಿಡಿಕೆ ಯಾವ ಎತ್ತರದಲ್ಲಿರಬೇಕು, ಅವರ ಟ್ರಂಕು ಯಾವ ಮೂಲೆಯಲ್ಲಿರಬೇಕು ಎಂಬುದನ್ನೆಲ್ಲ ಅವರೇ ತೋರಿಸಿದರು. ಈಗ ನಮ್ಮ ನಡುಮನೆ ಆ ಪುಸ್ತಕದ ಚಿತ್ರದಂತೆ ಕಾಣುವುದಿಲ್ಲ. ರಾತ್ರಿ ಅವರ ಊರುಗೋಲಿನ ಸದ್ದು ಹಾಸಿಗೆಯಿಂದ ಬಚ್ಚಲುಮನೆಗೆ ಹೋಗಿ, ಎಲ್ಲಿಯೂ ತಡೆಯದೆ, ಮತ್ತೆ ಹಾಸಿಗೆಗೆ ಮರಳುವುದನ್ನು ಕೇಳಿದ ಮೇಲೆ ನನಗೆ ನಿದ್ರೆ ಬರುತ್ತದೆ. ಸದ್ಭಕ್ತರೆಲ್ಲರೂ ಇಂದು ಸಂಜೆ ದೀಪ ಹಚ್ಚುವ ಮುನ್ನ ಮನೆಯ ಹಿರಿಯರೊಬ್ಬರ ಕೈಹಿಡಿದು ಒಮ್ಮೆ ಮನೆಯೊಳಗೆ ನಡೆಯಿರಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿಂದಲೇ ನಿಮ್ಮ ಕೆಲಸ ಆರಂಭವಾಗಲಿ.